ಬೋರಣ್ಣ ಬಿಟ್ಟುಹೋದ ಬೆರಳಷ್ಟು ಮಣ್ಣು

ಬನ್ನಿ ಮಕ್ಕಳೇ, ಚಾಪೆಯ ಮೇಲೆ ಒತ್ತಾಗಿ ಕೂತುಕೊಳ್ಳಿ. ಕಾಲು ಚಾಚಬೇಡಿ, ಹಿಂದೆ ಕೂತವರಿಗೂ ಜಾಗ ಬೇಕಲ್ಲ. ಬಾಯಲ್ಲಿ ಹುರಿಗಡಲೆ ಇದ್ದರೆ ಸದ್ದು ಮಾಡದೆ ಅಗಿಯಿರಿ. ನಾನು ಹೇಳುವಾಗ ನೀವು ಹೂಂಗುಡಬೇಕು. ಆದರೆ ಕೇಳಿಸಿಕೊಳ್ಳದೆ ಸುಮ್ಮಸುಮ್ಮನೆ ಹೂಂಗುಡಬೇಡಿ. ಯಾಕೆ ಅಂತ ಕತೆ ಮುಗಿಯೋದರೊಳಗೆ ನಿಮಗೇ ತಿಳಿಯುತ್ತೆ.

ಒಂದು ಕೆರೆ. ಕೆರೆಗೊಂದು ಏರಿ. ಏರಿಯ ಮೇಲೊಂದು ಹೊಂಗೆ ಮರ. ಆ ಮರದ ಬುಡದಲ್ಲಿ ಪುಟ್ಟೀರಮ್ಮ ಅನ್ನೋ ಇಲಿಯ ಬಿಲ. ಒಳಗೆ ಒಂದು ಅಡುಗೆಮನೆ, ಕಾಳು ತುಂಬಿಡೋಕೆ ಒಂದು ಉಗ್ರಾಣ, ಮಲಗೋಕೆ ಒಂದು ಕೋಣೆ, ಮೂರು ಮರಿಗಳು. ಕೊನೆಯ ಮರಿಯ ಹೆಸರು ಕೆಂಪಿ. ಅದಕ್ಕಿನ್ನೂ ನೆಟ್ಟಗೆ ಓಡೋಕೂ ಬರುತ್ತಿರಲಿಲ್ಲ.

ಪುಟ್ಟೀರಮ್ಮ ಕೆಟ್ಟವಳಲ್ಲ. ಕೈ ಚೊಕ್ಕ, ಮನೆ ಚೊಕ್ಕ. ಆದರೆ ಅವಳಿಗೆ ಯಾರನ್ನು ಕಂಡರೂ ಅನುಮಾನ. ಆಚೆಮನೆಯವಳು ನಕ್ಕರೆ "ಯಾಕೆ ನಕ್ಕಳು?" ಅನ್ನೋಳು. ನಗದೆ ಹೋದರೆ "ಯಾಕೆ ನಗಲಿಲ್ಲ?" ಅನ್ನೋಳು. ಮಳೆ ಹನಿದರೂ ಮೋಡದ ಕಡೆ ಒಂದು ಸಲ ಓರೆಗಣ್ಣಲ್ಲಿ ನೋಡಿಯೇ ಒಳಗೆ ಹೋಗೋಳು.

ಆ ವರ್ಷ ಏರಿಗೆ ಒಂದು ಕೇರೆಹಾವು ಬಂದು ಸೇರಿಕೊಂಡಿತು. ಅದರ ಬಾಲ ಹೊಂಗೆ ಮರದ ಹತ್ತಿರ ಇದ್ದರೆ ತಲೆ ಆಗಲೇ ತೂಬಿನ ಹತ್ತಿರ ಇರೋದು, ಅಷ್ಟು ಉದ್ದ. ಒಂದೇ ಬಾಗಿಲಿರೋ ಬಿಲ ಕಂಡರೆ ಅದಕ್ಕೆ ಹಬ್ಬ. ಬಾಗಿಲಲ್ಲಿ ತಲೆ ಹಾಕಿದರೆ ಸಾಕು, ಒಳಗಿದ್ದವರು ಹೊರಗೆ ಬರೋದು ಹೇಗೆ? ಹೀಗೆ ಎರಡು ಮನೆ ಬರಿದಾದವು. ಉಳಿದ ಇಲಿಗಳೆಲ್ಲ ಹೆದರಿ, ಮನೆಗೊಂದು ಹಿಂಬಾಗಿಲು ಮಾಡಿಸೋಕೆ ಹೊರಟವು.

ಮಾಡೋನು ದೊಡ್ಡಬೋರ ಅನ್ನೋ ಹೆಗ್ಗಣ. ಅವನ ಅಪ್ಪ, ಅಪ್ಪನ ಅಪ್ಪ ಎಲ್ಲರೂ ನೆಲ ತೋಡಿಯೇ ಬದುಕಿದವರು. ಮೈಯೆಲ್ಲ ಮಣ್ಣು, ಮಾತು ಬಲು ಕಡಿಮೆ.

"ನೀನೂ ಬೋರಣ್ಣನಿಗೆ ಹೇಳಿಬಿಡು ಪುಟ್ಟೀರಮ್ಮ" ಅಂದಳು ಆಚೆಮನೆಯ ಸಾಕವ್ವ.

"ಅವನೇನು ಮಹಾ ತೋಡ್ತಾನೆ? ನನಗೂ ನಾಲ್ಕು ಕಾಲಿಲ್ವ?" ಅಂದಳು ಪುಟ್ಟೀರಮ್ಮ. "ಗುರುತಿಲ್ಲದವನನ್ನ ಮನೆಯೊಳಗೆ ಬಿಟ್ಟು, ಉಗ್ರಾಣ ಎಲ್ಲಿದೆ, ಮರಿಗಳು ಎಲ್ಲಿ ಮಲಗ್ತಾವೆ ಅಂತ ತೋರಿಸಲಾ?"

"ಗುರುತಿಲ್ಲದೆ ಏನು? ನಿನ್ನ ಮದುವೇಲಿ ಊಟಕ್ಕೆ ಬಂದಿದ್ದನಲ್ಲೇ!"

"ಊಟಕ್ಕೆ ಬಂದವನು ಇನ್ನೇನು ನೋಡಿಕೊಂಡು ಹೋದನೋ" ಅಂದಳು ಪುಟ್ಟೀರಮ್ಮ. ಇಂಥವಳಿಗೆ ಏನು ಹೇಳೋದು?

ಸರಿ, ತಾನೇ ತೋಡೋಕೆ ನಿಂತಳು. ಒಂದು ದಿನ ತೋಡಿದಳು. ಎರಡನೇ ದಿನ ಹೊಂಗೆ ಬೇರು ಅಡ್ಡ ಬಂತು. ಅದನ್ನು ಬಳಸಿಕೊಂಡು ಎಡಕ್ಕೆ ತಿರುಗಿದಳು. ಅಲ್ಲೊಂದು ಕಲ್ಲು. ಮತ್ತೆ ಎಡಕ್ಕೆ ತಿರುಗಿದಳು. ಮೂರನೇ ದಿನ ಮಣ್ಣು ಸಡಿಲ ಆಯಿತು. "ಬಂತು ಬಂತು, ಹೊರಗಿನ ಗಾಳಿ ಬಂತು!" ಅಂತ ಜೋರಾಗಿ ತಲೆ ನುಗ್ಗಿಸಿದಳು.

ನೋಡುತ್ತಾಳೆ, ತನ್ನದೇ ಅಡುಗೆಮನೆ! ತಲೆ ನುಗ್ಗಿದ ರಭಸಕ್ಕೆ ಗೂಡಿನಲ್ಲಿದ್ದ ಹುರುಳಿಯೆಲ್ಲ ನೆಲದ ಪಾಲು.

"ಅವ್ವಾ, ಯಾವೂರಿಂದ ಬಂದೆ?" ಅಂತು ಕೆಂಪಿ. ದೊಡ್ಡ ಮರಿಗಳೆರಡೂ ಬಾಯಿ ಮುಚ್ಚಿಕೊಂಡು ನಕ್ಕವು.

ಪುಟ್ಟೀರಮ್ಮ ಮೈ ಕೊಡವಿಕೊಂಡು ಹೋಗಿ ದೊಡ್ಡಬೋರನನ್ನ ಕರೆದಳು. ಕರೆಯೋದೇನೋ ಕರೆದಳು, ಆದರೆ ಕಣ್ಣು ಮಾತ್ರ ಅವನ ಬೆನ್ನ ಮೇಲಿಂದ ಕೀಳಲಿಲ್ಲ.

ದೊಡ್ಡಬೋರ ಬಂದ. ಗೋಡೆಗೆ ಮೂಗು ಹಚ್ಚಿ ಮೂಸಿದ. ಕಿವಿ ಇಟ್ಟು ಕೇಳಿದ. ತೋಡೋಕೆ ಶುರುಮಾಡಿದ. ತೋಡಿದ ಮಣ್ಣನ್ನ ಅಲ್ಲೇ ಸುರಿಯಲಿಲ್ಲ. ಹೊತ್ತುಕೊಂಡು ದೂರ ಹೋಗಿ, ಕೆರೆಯ ಅಂಚಿನಲ್ಲಿ ಹರಡಿ ಬಂದ.

ಪುಟ್ಟೀರಮ್ಮನ ಮೀಸೆ ಅದುರಿತು. "ಎಲ್ಲರೂ ಬಾಗಿಲಲ್ಲಿ ಮಣ್ಣು ಸುರೀತಾರೆ. ಇವನ್ಯಾಕೆ ಅಷ್ಟು ದೂರ ಹೊರ್ತಾನೆ? ಮಣ್ಣಿನ ಜೊತೆ ನನ್ನ ಕಡಲೆಕಾಯೂ ಹೋಗ್ತಾ ಇರಬೇಕು."

ಬೇಲಿಯ ಮೇಲೆ ಓತಿಕ್ಯಾತ ಸಿಂಗ್ರಯ್ಯ ಬಿಸಿಲು ಕಾಯಿಸಿಕೊಳ್ಳುತ್ತಿದ್ದ. "ಅಲ್ವ ಸಿಂಗ್ರಯ್ಯ?" ಅಂದಳು.

ಸಿಂಗ್ರಯ್ಯ ತಲೆ ಆಡಿಸಿದ. ಮೇಲೆ ಕೆಳಗೆ, ಮೇಲೆ ಕೆಳಗೆ.

ಸಿಂಗ್ರಯ್ಯ ಹುಟ್ಟಿದಾಗಿನಿಂದ ತಲೆ ಆಡಿಸುತ್ತಲೇ ಇದ್ದಾನೆ, ಮಕ್ಕಳೇ. ಬಿಸಿಲು ಬಂದರೂ ಆಡಿಸುತ್ತಾನೆ, ನೊಣ ಬಂದರೂ ಆಡಿಸುತ್ತಾನೆ. ಆದರೆ ಪುಟ್ಟೀರಮ್ಮನಿಗೆ ಅಷ್ಟು ಸಾಕಾಯಿತು. "ನೋಡು, ಅವನೂ ಹೂಂ ಅಂದ" ಅಂತ ಓಡಿ ಹೋಗಿ ದೊಡ್ಡಬೋರನ ಮುಂದೆ ನಿಂತಳು. "ನಿಲ್ಲಣ್ಣ. ಹೊರೆ ಇಳಿಸು, ಜರಡಿ ಹಿಡೀಬೇಕು."

ದೊಡ್ಡಬೋರ ಅವಳ ಮುಖ ನೋಡಿದ. ಹೊರೆ ಇಳಿಸಿದ. ಅವಳು ಮಣ್ಣನ್ನೆಲ್ಲ ಜರಡಿ ಹಿಡಿದಳು. ಒಂದು ಎರೆಹುಳ ಸಿಕ್ಕಿತು, ಕಡಲೆಕಾಯಿ ಸಿಗಲಿಲ್ಲ. "ಈ ಹೊರೇಲಿ ಇಲ್ಲ" ಅಂದಳು, ಮುಂದಿನ ಹೊರೆಗೆ ಕಾಯುತ್ತಾ.

ನಾಲ್ಕು ದಿನಕ್ಕೆ ಕೆಲಸ ಮುಗಿಯಿತು. ದೊಡ್ಡಬೋರ ಕೈ ಒದರಿಕೊಂಡು ಹೊರಗೆ ಬಂದ. ಬೇಲಿಯ ಕಡೆ ನೋಡಿ, ದನಿ ತಗ್ಗಿಸಿ ಹೇಳಿದ: "ಪುಟ್ಟೀರಮ್ಮ, ಒಂದು ಮಾತಿದೆ. ಇಲ್ಲಿ ಬೇಡ, ಒಳಗೆ ಬಾ."

"ಒಳಗ್ಯಾಕೆ? ಏನಿದ್ದರೂ ಇಲ್ಲೇ ಹೇಳಣ್ಣ, ನಾಲ್ಕು ಜನ ಕೇಳಲಿ."

"ನಾಲ್ಕು ಜನ ಕೇಳೋ ಮಾತಲ್ಲ ಅದು."

"ಹಂಗಾದ್ರೆ ನಾನೂ ಕೇಳಲ್ಲ."

ದೊಡ್ಡಬೋರ ತಲೆ ಕೆರೆದುಕೊಂಡ. "ಆಯ್ತಮ್ಮ. ನಾಡಿದ್ದು ಮಣ್ಣು ಕೂತಿದೆಯಾ ನೋಡೋಕೆ ಬರ್ತೀನಿ, ಆಗ ಹೇಳ್ತೀನಿ. ಅಲ್ಲೀವರೆಗೆ ಹಿಂದಿನ ಕೊನೆ ಮಾತ್ರ ಮುಟ್ಟಬೇಡ. ಕೂಲಿ ಆಮೇಲೆ ಕೊಡುವಂತೆ." ಇಷ್ಟು ಹೇಳಿ ಹೊರಟೇಹೋದ.

ಅವತ್ತು ರಾತ್ರಿಯೆಲ್ಲ ಪುಟ್ಟೀರಮ್ಮ ಉಗ್ರಾಣದ ಕಾಳು ಎಣಿಸುತ್ತಾ ಕೂತಳು. ಕೆಲಸ ಮುಗಿದ ಮೇಲೆ ಮತ್ತೆ ಯಾಕೆ ಬರುತ್ತಾನೆ? ಕೂಲಿ ಈಗ ಯಾಕೆ ಬೇಡ? ಮುಟ್ಟಬೇಡ ಅಂದನಲ್ಲ, ಮುಟ್ಟಿದರೆ ಏನು ಸಿಗುತ್ತೆ?

ಬೆಳಗಾಗುತ್ತಲೇ ಸುರಂಗದೊಳಗೆ ಹೋದಳು. ಕೆಲಸ ನೋಡಿದರೆ ಕಣ್ಣಿಗೆ ಒತ್ತಿಕೊಳ್ಳೋ ಹಾಗಿತ್ತು. ಗೋಡೆ ನುಣ್ಣಗೆ, ತಿರುವು ಹದವಾಗಿ. ಹೊಂಗೆ ಬೇರನ್ನೂ ಕಡಿದಿರಲಿಲ್ಲ, ಅದನ್ನೇ ತೊಲೆಯ ಹಾಗೆ ಚಾವಣಿಗೆ ಆನಿಸಿದ್ದ. ಆದರೆ ಕೊನೆಗೆ ಹೋದರೆ ಕತ್ತಲು. ಮೂಗಿಗೆ ಮಣ್ಣು ತಗುಲಿತು. ಬಾಗಿಲೇ ಇಲ್ಲ!

ಹೊರಗೆ ಓಡಿ, ಏರಿಯನ್ನು ಬಳಸಿ ಹಿಂದೆ ಹೋಗಿ ನೋಡಿದಳು. ಅಲ್ಲೊಂದು ತಂಗಡಿ ಗಿಡ, ಅದರ ಬುಡದಲ್ಲಿ ಒಣಗಿದ ಎಲೆ. ತೂತು ಇರಲಿ, ಒಂದು ಬಿರುಕೂ ಇಲ್ಲ.

"ಅಯ್ಯೋ ಮೋಸಗಾರ!" ಅಂದಳು. "ಬೆರಳಷ್ಟು ದಪ್ಪ ಮಣ್ಣು ಬಿಟ್ಟು ಹೋಗಿದ್ದಾನೆ. ಯಾಕೆ? ನಾಳೆ ನಾನು ನೀರಿಗೆ ಹೋದಾಗ ಹೊರಗಿನಿಂದ ಒಡೆದುಕೊಂಡು ಬಂದು ಉಗ್ರಾಣ ಬರಿದು ಮಾಡೋಕೆ! ಹೌದೋ ಅಲ್ಲವೋ ಸಿಂಗ್ರಯ್ಯ?"

ಸಿಂಗ್ರಯ್ಯ ತಲೆ ಆಡಿಸಿದ. ಮೇಲೆ ಕೆಳಗೆ, ಮೇಲೆ ಕೆಳಗೆ.

"ನನಗೆ ಗೊತ್ತಿತ್ತು!"

ಪುಟ್ಟೀರಮ್ಮ ಒಳಗೆ ಹೋಗಿ ಆ ಬೆರಳಷ್ಟು ಮಣ್ಣನ್ನ ಕೆದಕಿ ತೆಗೆದಳು. ಬೆಳಕು ಬಂತು, ಗಾಳಿ ಬಂತು. ಬಾಗಿಲನ್ನ ಇನ್ನೂ ಸ್ವಲ್ಪ ಅಗಲ ಮಾಡಿದಳು. ತೆಗೆದ ಮಣ್ಣನ್ನ ತಂಗಡಿ ಬುಡದಲ್ಲೇ ಜಗಲಿಯ ಹಾಗೆ ಹರವಿ ತಟ್ಟಿದಳು. ಅಲ್ಲಿಗೂ ಸುಮ್ಮನಾಗಲಿಲ್ಲ. "ಮುಂಬಾಗಿಲು ಅವನಿಗೆ ಗೊತ್ತು. ಹಿಂದೆ ಮಣ್ಣು ಒಡೆದಿರೋದು ಕಂಡರೆ ಗುಟ್ಟು ಬಯಲಾಯ್ತು ಅಂತ ಹೆದರಿ ಮುಂದಿನಿಂದಲೇ ಬರ್ತಾನೆ" ಅಂತ ಲೆಕ್ಕ ಹಾಕಿ, ಅಡುಗೆಮನೆಯ ಒರಳುಕಲ್ಲನ್ನ ದಮ್ಮುಕಟ್ಟಿ ಉರುಳಿಸಿಕೊಂಡು ಹೋಗಿ ಮುಂಬಾಗಿಲಿಗೆ ತಳ್ಳಿದಳು. ಕಲ್ಲು ಗಕ್ಕನೆ ಕೂತು, ಗೋಡೆಗೆ ಕಚ್ಚಿಕೊಂಡಿತು.

"ಈಗ ಬರಲಿ ಬೋರಣ್ಣ" ಅಂದಳು ಪುಟ್ಟೀರಮ್ಮ.

ಮಾರನೆಯ ದಿನ ಬೆಳಿಗ್ಗೆ ಬೇಲಿಯ ಹತ್ತಿರ ಬಂದದ್ದು ಬೋರಣ್ಣ ಅಲ್ಲ. ಕೇರೆಹಾವು.

"ಏನು ಸಿಂಗ್ರಯ್ಯನೋರೇ, ತಂಗಡಿ ಬುಡದಲ್ಲಿ ಹೊಸ ಮಣ್ಣು ಕಾಣ್ತಿದೆ. ಯಾರೋ ಬಾಗಿಲು ಮಾಡಿಸಿದ ಹಾಗಿದೆ?"

ಸಿಂಗ್ರಯ್ಯ ತಲೆ ಆಡಿಸಿದ.

"ಮನೇಲಿ ಇದ್ದಾರಾ?"

ಸಿಂಗ್ರಯ್ಯ ತಲೆ ಆಡಿಸಿದ.

ಹೂಂ ಅನ್ನಿ ಮಕ್ಕಳೇ, ಕೇಳ್ತಿದ್ದೀರಾ? ಈಗ ಉಸಿರು ಬಿಗಿಹಿಡಿಯಿರಿ.

ಒಳಗೆ ಪುಟ್ಟೀರಮ್ಮ ಮರಿಗಳಿಗೆ ಉಣ್ಣಿಸುತ್ತಿದ್ದಳು. ಸುರಂಗದಲ್ಲಿ ಸರಸರ ಸದ್ದಾಯಿತು. ಅವಳ ಕಣ್ಣು ಕೆಂಪಾಯಿತು. "ಬಂದೆಯಾ ಕಳ್ಳ ಬೋರ! ಇರು, ನಿನಗೆ ಮಾಡ್ತೀನಿ" ಅಂತ ಒಂದು ಕಡ್ಡಿ ಹಿಡಿದು ಸುರಂಗದ ಬಾಯಿಗೆ ಹೋಗಿ ನಿಂತಳು.

ಕತ್ತಲಿನಿಂದ ಒಂದು ನಾಲಿಗೆ ಹೊರಗೆ ಬಂತು. ತೆಳ್ಳಗೆ, ಎರಡು ಸೀಳಾಗಿ.

ಕಡ್ಡಿ ಕೈಯಿಂದ ಬಿತ್ತು. ಕೆಂಪಿಯನ್ನ ಬಾಯಲ್ಲಿ ಕಚ್ಚಿಕೊಂಡಳು, ಉಳಿದೆರಡನ್ನ ಮುಂದೆ ನೂಕಿಕೊಂಡು ಮುಂಬಾಗಿಲಿಗೆ ಓಡಿದಳು. ಅಲ್ಲಿ ಒರಳುಕಲ್ಲು. ತಳ್ಳಿದಳು, ಅಲ್ಲಾಡಲಿಲ್ಲ. ಮರಿಗಳೂ ತಳ್ಳಿದವು, ಅಲ್ಲಾಡಲಿಲ್ಲ. ಹಿಂದೆ ಅಡುಗೆಮನೆಯಲ್ಲಿ ಪಾತ್ರೆ ಉರುಳಿದ ಸದ್ದು.

ಆಗ ಕಲ್ಲಿನ ಆಚೆಯಿಂದ ಒಂದು ದಪ್ಪ ದನಿ. "ಪುಟ್ಟೀರಮ್ಮ, ಮಣ್ಣು ಕೂತಿದೆಯಾ ನೋಡೋಕೆ ಬಂದೆ. ಇದೇನಮ್ಮ ಬಾಗಿಲಿಗೆ ಕಲ್ಲು?"

"ಅಣ್ಣಾ! ಹಾವು! ಒಳಗೆ ಹಾವು!"

ದೊಡ್ಡಬೋರ ತಡಮಾಡಲಿಲ್ಲ. ಕಲ್ಲಿನ ತಂಟೆಗೆ ಹೋಗದೆ ಪಕ್ಕದ ಮಣ್ಣಿಗೆ ಬಿದ್ದ. ನಾಲ್ಕೂ ಕಾಲಲ್ಲಿ ತೋಡಿದ. ಪುಟ್ಟೀರಮ್ಮ ಮೂರು ದಿನ ತೋಡಿದಷ್ಟನ್ನ ಅವನು ಮೂರು ಉಸಿರಲ್ಲಿ ತೋಡಿದ. ಒಂದು ತೂತಾಯಿತು. ಮೊದಲು ಕೆಂಪಿ ಬಂತು, ಆಮೇಲೆ ಎರಡು ಮರಿ. ಪುಟ್ಟೀರಮ್ಮನ ತಲೆ, ಬೆನ್ನು ಹೊರಗೆ ಬಂದವು. ಬಾಲ ಮಾತ್ರ ಒಳಗಿತ್ತು.

ಹಾವು ಅದನ್ನು ಹಿಡಿಯಿತು.

ದೊಡ್ಡಬೋರ ಅವಳ ಕುತ್ತಿಗೆ ಹಿಡಿದು ಎಳೆದ. ಅರ್ಧ ಬಾಲ ಹಾವಿನ ಪಾಲಾಯಿತು, ಪುಟ್ಟೀರಮ್ಮ ಈಚೆ ಬಿದ್ದಳು. ಹಾವು ತೂತಿನಲ್ಲಿ ತಲೆ ತೂರಿಸುವ ಹೊತ್ತಿಗೆ ದೊಡ್ಡಬೋರ ಮೇಲೆ ಹತ್ತಿ ಭುಜ ಕೊಟ್ಟು ಕುಟ್ಟಿದ. ಬಿಲದ ಚಾವಣಿ ದಡದಡ ಕುಸಿದು ಹಾವಿನ ತಲೆಯ ಮೇಲೆ ಬಿತ್ತು. ಕಣ್ಣು ಮೂಗಿನಲ್ಲೆಲ್ಲ ಮಣ್ಣು ತುಂಬಿಕೊಂಡು, ಅದು ಬಂದ ದಾರಿಯಲ್ಲೇ ಹಿಂದಕ್ಕೆ ಹಿಂದಕ್ಕೆ ಸರಿದು ಹೊರಟುಹೋಯಿತು.

ಸಾಕವ್ವ ಓಡಿ ಬಂದು, ಅರಿಶಿನ ಅರೆದು ಬಾಲಕ್ಕೆ ಹಚ್ಚಿದಳು. ಪುಟ್ಟೀರಮ್ಮ ಅಳುತ್ತಾ ಕೇಳಿದಳು: "ಬೋರಣ್ಣ, ಆ ಬೆರಳಷ್ಟು ಮಣ್ಣು ಯಾಕೆ ಬಿಟ್ಟಿದ್ದೆ?"

"ಯಾಕೆ ಅಂದ್ರೆ? ಹಿಂಬಾಗಿಲು ಇರೋದೇ ಹಂಗಮ್ಮ. ಹೊರಗಿನವರಿಗೆ ಕಾಣಬಾರದು. ಕಂಡರೆ ಅದು ಹಾವಿಗೂ ಬಾಗಿಲೇ. ಮುಂದಿನಿಂದ ಹಾವು ಬಂದಾಗ ಒಳಗಿದ್ದವರು ತಲೆ ಕೊಟ್ಟು ಗುದ್ದಿದರೆ ಬೆರಳಷ್ಟು ಮಣ್ಣು ತಟ್ಟನೆ ಒಡೀತದೆ. ಕೆಂಪಿ ಗುದ್ದಿದರೂ ಒಡೆಯೋ ಹಾಗೆ ಸವರಿದ್ದೆ."

"ಮತ್ತೆ ಮಣ್ಣು ಅಷ್ಟು ದೂರ ಹೊತ್ತದ್ದು?"

"ಹೊಸ ಮಣ್ಣು ಬಿದ್ದಿದ್ದರೆ ಇಲ್ಲೊಂದು ಬಾಗಿಲಿದೆ ಅಂತ ಡಂಗುರ ಹೊಡೆದ ಹಾಗಲ್ವ?"

ಪುಟ್ಟೀರಮ್ಮ ತಂಗಡಿ ಬುಡದ ಜಗಲಿ ನೆನೆಸಿಕೊಂಡು ತಲೆ ತಗ್ಗಿಸಿದಳು. "ಇದನ್ನ ಅವತ್ತೇ ಹೇಳಬಾರದಿತ್ತಾ ಅಣ್ಣ?"

"ಒಳಗೆ ಬಾ ಹೇಳ್ತೀನಿ ಅಂದೆ. ನೀನು ಬರಲಿಲ್ಲ. ಬೇಲಿ ಮೇಲೆ ಸಿಂಗ್ರಯ್ಯ ಕೂತಿದ್ದ. ಅವನೆದುರು ಹಿಂಬಾಗಿಲ ಮಾತು ಆಡೋಕಾಗ್ತದಾ?"

ಎಲ್ಲರೂ ಬೇಲಿಯ ಕಡೆ ತಿರುಗಿದರು. "ಹಾವಿಗೆ ದಾರಿ ಹೇಳಿದವನು ನೀನೇನಯ್ಯ?" ಅಂತ ಸಾಕವ್ವ ಗದರಿದಳು.

ಸಿಂಗ್ರಯ್ಯ ತಲೆ ಆಡಿಸಿದ. ಮೇಲೆ ಕೆಳಗೆ, ಮೇಲೆ ಕೆಳಗೆ.

ಆಮೇಲೆ ಏನಾಯಿತು ಅಂತೀರಾ? ಕೇರೆಹಾವಿನ ಮೂಗು ತರಚಿ ಹೋಗಿತ್ತು. ಅದು ಈ ಏರಿಯ ಸಹವಾಸವೇ ಬೇಡ ಅಂತ ಕೆರೆಯ ಆಚೆ ದಡಕ್ಕೆ ಹೋಗಿ, ಕಪ್ಪೆ ಹಿಡಿದು ಹೊಟ್ಟೆ ಹೊರೆಯಿತು. ಸಿಂಗ್ರಯ್ಯ ಇವತ್ತಿಗೂ ಅದೇ ಬೇಲಿಯ ಮೇಲಿದ್ದಾನೆ, ತಲೆ ಆಡಿಸುತ್ತಲೇ ಇದ್ದಾನೆ. ಆದರೆ ಅವನನ್ನ ಯಾರೂ ಏನೂ ಕೇಳುವುದಿಲ್ಲ.

ದೊಡ್ಡಬೋರ ಸುರಂಗವನ್ನು ಬೇರೆ ದಿಕ್ಕಿಗೆ ತಿರುಗಿಸಿ ಹೊಸ ಹಿಂಬಾಗಿಲು ಮಾಡಿಕೊಟ್ಟ. ಆವತ್ತಿನಿಂದ ಅವನೂ ಒಂದು ಪಾಠ ಕಲಿತ. ಯಾರ ಮನೆಯ ಕೆಲಸ ಹಿಡಿದರೂ ಆ ಮನೆಯವಳನ್ನ ಮೊದಲೇ ಒಳಗೆ ಕರೆದು, ಕೊನೆಯ ಮಣ್ಣನ್ನ ಅವಳ ಕೈಯಲ್ಲೇ ಮುಟ್ಟಿಸಿ, ಕಾರಣ ಹೇಳಿಯೇ ಹೋಗುತ್ತಾನೆ. ಕೆಂಪಿ ಬೆಳೆದು ದೊಡ್ಡವಳಾಗಿ ತನ್ನದೇ ಮನೆ ಮಾಡಿದಾಗ ಮೊದಲು ಕರೆದದ್ದು ಅವನನ್ನೇ.

ಪುಟ್ಟೀರಮ್ಮನ ಬಾಲ ಮಾತ್ರ ಮತ್ತೆ ಬೆಳೆಯಲಿಲ್ಲ. ಅವಳ ಅನುಮಾನವೂ ಪೂರ್ತಿ ಹೋಗಲಿಲ್ಲ, ಹುಟ್ಟಿದ ಗುಣ ಎಲ್ಲಿ ಹೋಗುತ್ತೆ? ಆದರೆ ಈಗ ಅನುಮಾನ ಬಂದರೆ ಅವಳು ಬೇಲಿಯ ಕಡೆ ಹೋಗುವುದಿಲ್ಲ. ಅರ್ಧ ಬಾಲವನ್ನ ಒಂದು ಸಲ ಸವರಿಕೊಂಡು, ಕೆಲಸ ಮಾಡಿದವನ ಎದುರಿಗೇ ಹೋಗಿ ನಿಂತು, "ಅಣ್ಣ, ಇದನ್ನ ಹೀಗೆ ಯಾಕೆ ಮಾಡಿದೆ?" ಅಂತ ಕೇಳುತ್ತಾಳೆ.

ನೀತಿ: ಕೆಲಸ ಬಲ್ಲವನ ಮೇಲೆ ಅನುಮಾನ ಬಂದರೆ ಅವನನ್ನೇ ಬಾಯಿಬಿಟ್ಟು ಕೇಳಬೇಕು, ಕೇಳದೆ ಅವನ ಕೆಲಸವನ್ನು ತಿದ್ದಲು ಹೋದರೆ ಕೇಡು ನಮಗೇ.