ಕೆಮ್ಮಿದ ಜನರೇಟರು

ಒಂದು ಕಾಡಿನಲ್ಲಿ ಕರೆಂಟು ಇತ್ತು. ಕಾಡಿಗೆ ಯಾಕಪ್ಪಾ ಕರೆಂಟು ಎಂದು ಮೂಗು ಮುರಿಯಬೇಡಿ. ಜಲಪಾತದ ಕೆಳಗೆ ಒಂದು ಚಕ್ರ ತಿರುಗುತ್ತಿತ್ತು. ಅಲ್ಲಿಂದ ಹೊರಟ ತಂತಿ ನೇರವಾಗಿ ಕಾವುಮನೆಗೆ ಬರುತ್ತಿತ್ತು. ವಾರಗಟ್ಟಲೆ ಮೊಟ್ಟೆಯ ಮೇಲೆ ಕೂತು ಸೊಂಟ ಹಿಡಿದುಹೋಗಿದ್ದ ಕಾಡುಕೋಳಿಗಳು ಜಗಳ ಮಾಡಿ ಕಟ್ಟಿಸಿಕೊಂಡ ಮನೆ ಅದು. ಒಳಗೆ ಬಿಸಿ ಬಲ್ಬುಗಳು, ಬಲ್ಬಿನ ಕೆಳಗೆ ಬುಟ್ಟಿಗಳು, ಬುಟ್ಟಿಗಳಲ್ಲಿ ಮೊಟ್ಟೆಗಳು. ಮೊಟ್ಟೆಯಿಟ್ಟ ತಾಯಂದಿರು ಆರಾಮಾಗಿ ಹರಟೆಗೆ ಹೋಗುತ್ತಿದ್ದರು.

ಕರೆಂಟು ಹೋದರೆ ಏನು ಗತಿ? ಅದಕ್ಕೆಂದೇ ಪಕ್ಕದ ಶೆಡ್ಡಿನಲ್ಲಿ ಒಂದು ಡೀಸೆಲ್ ಜನರೇಟರು ಇಟ್ಟಿದ್ದರು. ಅದನ್ನು ನೋಡಿಕೊಳ್ಳುವ ಕೆಲಸ ಬಿಂಕಪ್ಪ ಎಂಬ ನರಿಯದು. ಮೊಟ್ಟೆಮನೆಯ ಪಕ್ಕದಲ್ಲಿ ನರಿಯನ್ನು ತಂದು ಕೂರಿಸಿದ ಪುಣ್ಯಾತ್ಮರು ಯಾರು ಅಂತೀರಾ? ಕಾಡಿನ ಯಜಮಾನಿ, ಆನೆ ದೊಡ್ಡತಾಯಮ್ಮ. "ಎಂಜಿನ್ ಕೆಲಸ ಯಾರಿಗೆ ಗೊತ್ತು?" ಎಂದು ಅವಳು ಸಭೆಯಲ್ಲಿ ಕೇಳಿದಾಗ ಕೈಯೆತ್ತಿದ್ದು ಬಿಂಕಪ್ಪ ಒಬ್ಬನೇ. ಅವನಿಗೂ ಗೊತ್ತಿರಲಿಲ್ಲ. ಆದರೆ ಶೆಡ್ಡಿನಲ್ಲಿ ಮಧ್ಯಾಹ್ನ ಒಳ್ಳೆಯ ನೆರಳಿರುತ್ತದೆ ಎಂಬುದು ಗೊತ್ತಿತ್ತು.

ಕೆಲಸ ಅಂಥ ದೊಡ್ಡದೇನಲ್ಲ. ಧೂಳು ಒರೆಸಬೇಕು, ಆಯಿಲ್ ಬದಲಿಸಬೇಕು, ಬ್ಯಾಟರಿ ನೋಡಬೇಕು, ಪ್ರತಿ ಸೋಮವಾರ ಒಂದಷ್ಟು ಹೊತ್ತು ಓಡಿಸಿ ತೋರಿಸಬೇಕು. ಬಿಂಕಪ್ಪ ಮೊದಲನೆಯ ವಾರವೇ ಬ್ಯಾಟರಿಯನ್ನು ಬಿಚ್ಚಿ ತನ್ನ ಗವಿಗೆ ಒಯ್ದು ಫ್ಯಾನಿಗೆ ಹಾಕಿಕೊಂಡ. ಡೀಸೆಲ್ಲನ್ನು ಹಂದಿಗಳಿಗೆ ಕೊಟ್ಟು ಗೆಣಸು ತಂದ. ಸೈಲೆನ್ಸರ್ ಕೊಳವೆಯೊಳಗೆ ಒಂದು ಇಲಿ ಸಂಸಾರ ಬಂದು ಸೇರಿಕೊಂಡಿತು. ಬಿಂಕಪ್ಪ ಅವರನ್ನು ಓಡಿಸುವ ಗೋಜಿಗೆ ಹೋಗಲಿಲ್ಲ. ಹಗಲುನಿದ್ದೆಗೆ ಇಲಿಗಳಿಂದ ತೊಂದರೆ ಇರಲಿಲ್ಲ.

ಮತ್ತೆ ಸೋಮವಾರದ ಓಟ? ಅಲ್ಲೇ ಇರುವುದು ಬಿಂಕಪ್ಪನ ತಲೆ. ದೊಡ್ಡತಾಯಮ್ಮ ಶೆಡ್ಡಿನ ಬಾಗಿಲಲ್ಲಿ ಹಿಡಿಸುತ್ತಿರಲಿಲ್ಲ. ಅವಳು ಹೊರಗೆ ನಿಂತು ಸದ್ದು ಕೇಳಿ, ಹೊಗೆ ನೋಡಿ, ತಲೆಯಾಡಿಸಿ ಹೋಗುತ್ತಿದ್ದಳು. ಹೊಗೆಗೆ ಒಂದು ಹಿಡಿ ಹಸಿ ಹುಲ್ಲು ಸಾಕು. ಸದ್ದಿಗೆ ಪುಟ್ಮಾದ ಇದ್ದ. ಪುಟ್ಮಾದ ಎಂದರೆ ಗೊರವಂಕ, ಕೇಳಿದ ಸದ್ದನ್ನೆಲ್ಲ ಹಾಗೇ ಕೊರಳಲ್ಲಿ ತೆಗೆಯುವ ಹಕ್ಕಿ. ಒಂದು ಸೀಬೆಹಣ್ಣು ಕೊಟ್ಟರೆ ಖಾಲಿ ಡ್ರಮ್ಮಿನೊಳಗೆ ಕೂತು "ಡುಗುಡುಗುಡುಗು" ಎಂದು ಶುರುಮಾಡುತ್ತಿದ್ದ. ಕೆಲವೊಮ್ಮೆ ಹುಮ್ಮಸ್ಸು ಬಂದು ರಾಗವನ್ನೂ ಎಳೆಯುತ್ತಿದ್ದ.

"ಲೋ, ಆಲಾಪನೆ ಬೇಡ ಕಣೋ! ಅದು ಜನರೇಟರು!" ಎಂದು ಬಿಂಕಪ್ಪ ಪಿಸುಗುಟ್ಟುತ್ತಿದ್ದ.

ಒಂದು ಸೋಮವಾರ ಪುಟ್ಮಾದನಿಗೆ ನೆಗಡಿಯಾಗಿತ್ತು. ಜನರೇಟರು "ಡುಗುಡುಗು, ಖೊಳ್, ಡುಗು, ಖೊಳ್ ಖೊಳ್" ಎಂದಿತು.

ದೊಡ್ಡತಾಯಮ್ಮ ಕಿವಿ ಅಗಲ ಮಾಡಿದಳು. "ಇದೇನಪ್ಪಾ ಬಿಂಕಪ್ಪ, ಕೆಮ್ತಾ ಐತೆ?"

"ಸರ್ವೀಸಿಗೆ ಬಂದೈತೆ ದೊಡ್ಡಮ್ಮ. ಈ ವಾರ ಬಿಚ್ಚಿ ಎಲ್ಲಾ ಸರಿಮಾಡ್ಬಿಡ್ತೀನಿ."

ಸರ್ವೀಸು ಆಯಿತು. ಜೇನುತುಪ್ಪಕ್ಕೆ ಮೆಣಸಿನಪುಡಿ ಕಲಸಿ ಪುಟ್ಮಾದನಿಗೆ ನೆಕ್ಕಿಸಿದ, ಅಷ್ಟೇ. ಮುಂದಿನ ಸೋಮವಾರ ಜನರೇಟರು ಹೊಸದರಂತೆ ಓಡಿತು. "ಕೈಗುಣ ಅಂದ್ರೆ ಇದು ನೋಡಿ!" ಎಂದು ದೊಡ್ಡತಾಯಮ್ಮ ನಾಲ್ಕು ಜನರ ಮುಂದೆ ಹೊಗಳಿ, ಇನ್ನೊಂದು ಕ್ಯಾನ್ ಡೀಸೆಲ್ ಕಳಿಸಿದಳು. ಬಿಂಕಪ್ಪ ಮತ್ತಷ್ಟು ಗೆಣಸು ತಿಂದು ಮತ್ತಷ್ಟು ದಪ್ಪಗಾದ.

ಮಳೆಗಾಲ ಬಂತು. ಒಂದು ಬೆಳಿಗ್ಗೆ ಗಾಳಿ ಎದ್ದು ದೊಡ್ಡ ಮತ್ತಿಮರವೊಂದು ತಂತಿಯ ಮೇಲೆ ಮಗುಚಿಕೊಂಡಿತು. ಕಾವುಮನೆಯ ಬಲ್ಬುಗಳೆಲ್ಲ ಒಟ್ಟಿಗೆ ಆರಿದವು. ಕೋಳಿಗಳ ಬೊಬ್ಬೆ ಕೇಳಿ ದೊಡ್ಡತಾಯಮ್ಮ ದಡದಡ ಓಡಿಬಂದಳು.

"ಬಿಂಕಪ್ಪಾ! ಹಚ್ಚು ನಿನ್ನ ಜನರೇಟರು!"

ಬಿಂಕಪ್ಪ ಏನು ಮಾಡಲೂ ತೋಚದೆ ಅಭ್ಯಾಸಬಲದಿಂದ ಹುಲ್ಲಿಗೆ ಬೆಂಕಿಯಿಟ್ಟು ಪುಟ್ಮಾದನಿಗೆ ಕಣ್ಣು ಮಿಟುಕಿಸಿದ. ಪುಟ್ಮಾದ ಗಂಟಲು ಹರಿಯುವ ಹಾಗೆ ಹಾಡಿದ. "ಡುಗುಡುಗುಡುಗುಡುಗು!" ಅಂಥ ಓಟವನ್ನು ಆ ಕಾಡು ಎಂದೂ ಕೇಳಿರಲಿಲ್ಲ. ಆದರೆ ಬಲ್ಬು ಹತ್ತಲಿಲ್ಲ.

ದೊಡ್ಡತಾಯಮ್ಮ ಸ್ವಲ್ಪ ಹೊತ್ತು ಬಲ್ಬನ್ನೂ ಶೆಡ್ಡನ್ನೂ ನೋಡಿದಳು. ಆಮೇಲೆ ಸೊಂಡಿಲು ಹಾಕಿ ಶೆಡ್ಡಿನ ತಗಡಿನ ಮಾಡನ್ನು ಡಬ್ಬಿಯ ಮುಚ್ಚಳದ ಹಾಗೆ ತೆಗೆದು ಪಕ್ಕಕ್ಕಿಟ್ಟಳು. ಡ್ರಮ್ಮಿನೊಳಗೆ ಪುಟ್ಮಾದ ಇನ್ನೂ ಹಾಡುತ್ತಿದ್ದ. ಸೈಲೆನ್ಸರಿನಿಂದ ಇಲಿಯೊಂದು ತಲೆ ಹೊರಹಾಕಿ, "ಯಾರ್ರೀ ಅದು, ಮಕ್ಕಳು ಮಲಗವ್ರೆ" ಎಂದಿತು.

ಬಯ್ಯಲು ಸಮಯವಿರಲಿಲ್ಲ. ಕೋಳಿಗಳೆಲ್ಲ ನುಗ್ಗಿ ತಂತಮ್ಮ ಮೊಟ್ಟೆಗಳ ಮೇಲೆ ಕೂತವು. ಒಂದು ಬುಟ್ಟಿ ಮಾತ್ರ ಉಳಿಯಿತು. ಅದು ಸಾಕವ್ವ ಎಂಬ ಕೋಳಿಯದು. ಅವಳು ಹೊಳೆಯಾಚೆ ತಂಗಿಯ ಮನೆಗೆ ಹೋಗಿದ್ದಳು, ಹೊಳೆ ತುಂಬಿ ಹರಿಯುತ್ತಿತ್ತು. ಮೊಟ್ಟೆಗಳು ಇನ್ನೇನು ಒಡೆಯುವ ಹೊತ್ತು. ಈಗ ತಣ್ಣಗಾದರೆ ಒಳಗಿನ ಜೀವಗಳು ಉಳಿಯುವುದಿಲ್ಲ.

"ನಾನೇ ಕೂತ್ಕೊಳ್ಳಲಾ?" ಎಂದಳು ದೊಡ್ಡತಾಯಮ್ಮ.

"ಅಯ್ಯೋ ಬ್ಯಾಡ!" ಎಂದು ಇಡೀ ಕಾವುಮನೆ ಕಿರುಚಿತು.

ಆಗ ಎಲ್ಲರ ಕಣ್ಣು ಬಿಂಕಪ್ಪನ ದಪ್ಪನೆಯ, ಬೆಚ್ಚನೆಯ, ಪೊದೆಗೂದಲಿನ ಮೈಯ ಮೇಲೆ ಬಿತ್ತು.

"ನಾನಾ? ದೊಡ್ಡಮ್ಮ, ನಾನು ನರಿ! ಮರ್ಯಾದೆ ಅನ್ನೋದು..."

"ಕೂತ್ಕೋ," ಎಂದಳು ದೊಡ್ಡತಾಯಮ್ಮ. "ಒಂದು ಮೊಟ್ಟೆ ತಣ್ಣಗಾದ್ರೂ, ಒಂದು ಕಮ್ಮಿಯಾದ್ರೂ, ನಿನ್ನ ಮೇಲೆ ನಾನು ಕೂತ್ಕೋತೀನಿ."

ಬಿಂಕಪ್ಪ ಕೂತ. ಜನ್ಮದಲ್ಲಿ ಅಂಥ ಶಿಕ್ಷೆ ಕಂಡಿರಲಿಲ್ಲ. ಕೆಳಗೆ ಮೊಟ್ಟೆಗಳ ವಾಸನೆ, ಬಾಯಲ್ಲಿ ನೀರು, ಕಿಟಕಿಯಲ್ಲಿ ಆನೆಯ ಕಣ್ಣು. ಕಾಲು ಜೋಮು ಹಿಡಿಯಿತು, ಬಾಲದ ಮೇಲೆ ಮಳೆನೀರು ತೊಟ್ಟಿಕ್ಕಿತು. ಅಕ್ಕಪಕ್ಕದ ಕೋಳಿಗಳು, "ಸ್ವಲ್ಪ ಹರಡ್ಕೊಂಡು ಕೂತ್ಕೊಳ್ಳಪ್ಪಾ, ಅಭ್ಯಾಸ ಇಲ್ವಾ?" ಎಂದು ಬುದ್ಧಿ ಹೇಳಿದವು.

ಮಧ್ಯಾಹ್ನ ಕಳೆದ ಮೇಲೆ ಹೊಟ್ಟೆಯ ಕೆಳಗೆ ಏನೋ "ಟುಕ್" ಎಂದಿತು. ಬಿಂಕಪ್ಪ ಬೆಚ್ಚಿದ. ಮತ್ತೆ "ಟುಕ್ ಟುಕ್". ಒಳಗಿನಿಂದ ಯಾರೋ ಬಾಗಿಲು ಬಡಿಯುತ್ತಿದ್ದರು. ಒಂದು ಮೊಟ್ಟೆ ಮಾತ್ರ ಸುಮ್ಮನಿತ್ತು. ಬಿಂಕಪ್ಪನಿಗೆ ಭಯವಾಯಿತು. ಆನೆಯ ಭಯವಲ್ಲ, ಬೇರೆಯೇ ಭಯ. ಯಾರೂ ಹೇಳದಿದ್ದರೂ ಅದನ್ನು ಕುತ್ತಿಗೆಯ ಕೆಳಗೆ ಎಳೆದುಕೊಂಡು, ಉಸಿರು ಬಿಟ್ಟು ಬಿಟ್ಟು ಬಿಸಿ ಮಾಡಿದ. ಸಂಜೆಗೆ ಅದೂ "ಟುಕ್" ಎಂದಿತು. ಕಳ್ಳನರಿಯ ಕಣ್ಣಲ್ಲಿ ನೀರು ಬಂತು. ಹೊಗೆಯಿಂದ ಎಂದು ಅವನು ಆಮೇಲೆ ಎಲ್ಲರಿಗೂ ಹೇಳಿದ.

ಚಿಪ್ಪುಗಳು ಒಡೆದವು. ಒದ್ದೆಮುದ್ದೆ ಮರಿಗಳು ಒಂದೊಂದಾಗಿ ಹೊರಬಂದು ತಲೆಯೆತ್ತಿ ನೋಡಿದವು. ಮೊದಲು ಕಂಡದ್ದು ಉದ್ದ ಮೂತಿ, ಎರಡು ಚೂಪು ಕಿವಿ.

"ಅಮ್ಮಾ!" ಎಂದವು.

"ಅಮ್ಮ ಅಲ್ಲ ಕಣ್ರೋ, ನಾನು ನರಿ!"

"ನರಿಯಮ್ಮಾ!"

ಮಾರನೆಯ ದಿನ ತಂತಿ ಸರಿಯಾಯಿತು, ಹೊಳೆ ಇಳಿಯಿತು, ಸಾಕವ್ವ ಓಡೋಡಿ ಬಂದಳು. ಮಕ್ಕಳು ಅವಳನ್ನು ನೋಡಿ ಹೆದರಿ ಬಿಂಕಪ್ಪನ ಕಾಲಸಂದಿಯಲ್ಲಿ ಅಡಗಿಕೊಂಡವು. ಸಾಕವ್ವ ಅತ್ತಳು, ಬಯ್ದಳು, ಕೊನೆಗೆ ಬಿಂಕಪ್ಪನ ಬೆನ್ನಿಗೆ ಸಾಲಾಗಿ ಹೊರಟ ಮರಿಗಳ ಹಿಂದೆ ತಾನೂ ಸೇರಿಕೊಂಡಳು. ಬೇರೆ ದಾರಿ ಇರಲಿಲ್ಲ.

ಬಿಂಕಪ್ಪನ ಬೇಟೆಯ ಬದುಕು ಅಲ್ಲಿಗೆ ಮುಗಿಯಿತು. ಪೊದೆಯ ಮರೆಯಲ್ಲಿ ಹೊಟ್ಟೆ ನೆಲಕ್ಕೆ ತಾಗಿಸಿ, ಉಸಿರು ಬಿಗಿಹಿಡಿದು, ಒಂದು ಮೊಲದ ಹತ್ತಿರ ತೆವಳುತ್ತಾನೆ. ಇನ್ನೇನು ಹಾರಬೇಕು, ಹಿಂದಿನಿಂದ "ಅಮ್ಮಾ, ಅದ್ಯಾರಮ್ಮಾ? ಅಮ್ಮಾ, ಇವ್ನು ನನ್ನ ತಳ್ತಾನೆ!" ಎಂದು ಮಂಗಳವಾದ್ಯ. ಮೊಲ ನಕ್ಕು ನಕ್ಕು ಓಡಲೂ ಆಗದೆ ಅಲ್ಲೇ ಉರುಳಾಡುತ್ತದೆ. ನಗುತ್ತಿರುವ ಮೊಲವನ್ನು ಮಕ್ಕಳ ಎದುರಿಗೆ ತಿನ್ನುವುದು ಬಿಂಕಪ್ಪನಿಂದಲೂ ಆಗದ ಕೆಲಸ. ಅವನು ಅತ್ತಿಹಣ್ಣು ಆರಿಸಿ ತಿಂದುಕೊಂಡು, ಮಾಡು ಕಿತ್ತ ಶೆಡ್ಡಿನಲ್ಲಿ, ಎಲ್ಲರ ಕಣ್ಣೆದುರಿಗೆ, ಗವಿಯಿಂದ ವಾಪಸು ತಂದ ಬ್ಯಾಟರಿ ಹಾಕಿ, ಪ್ರತಿ ಸೋಮವಾರ ಮೈಯೆಲ್ಲ ಮಸಿ ಮಾಡಿಕೊಂಡು ನಿಜವಾದ ಜನರೇಟರನ್ನು ಓಡಿಸುತ್ತಾನೆ.

ಬಲ್ಬು ಹತ್ತಿತೋ ಇಲ್ಲವೋ ಎಂದು ಮೂರು ಮೂರು ಸಲ ಒಳಗೆ ಇಣುಕಿ ನೋಡುವವನು ಈಗ ಅವನೇ.

ನೀತಿ: ಆಪತ್ತಿಗೆಂದು ಇಟ್ಟುಕೊಂಡದ್ದನ್ನು ಆಪತ್ತು ಬರುವ ಮೊದಲೇ ಓಡಿಸಿ ಕಣ್ಣಾರೆ ನೋಡಬೇಕು, ಹೊರಗೆ ನಿಂತು ಸದ್ದು ಕೇಳಿ ತಲೆಯಾಡಿಸಿದರೆ ಸಾಲದು.