ಡಂಗುರ ಹೊಡೆಸಿ ಸಾರಿದ ಚಿತ್ರ

"ಗುರುಗಳೇ, ಗೋಡೆಯ ಮೇಲಿನ ಚಿತ್ರವನ್ನು ಅಳಿಸಿದರೆ ಸಾಕೇ, ಬರೆದವನನ್ನೂ ಹಿಡಿದು ದಂಡಿಸಬೇಕೇ?" ಎಂದು ಮುರುಗಯ್ಯ ಕೇಳಿದ. ಮಠದ ಉಗ್ರಾಣವೂ ಬಡಿಸುವ ಕೆಲಸವೂ ಅವನದು. ಕೈಯಲ್ಲಿ ಸುಣ್ಣದ ಗಡಿಗೆ ಇತ್ತು. ಆ ವರ್ಷ ಮಠಕ್ಕೆ ಬರುವ ಕಾಳು ಕಡಿಮೆಯಾಗಿ, ಎಲ್ಲರಿಗೂ ಒಂದೇ ಸೌಟು ಅನ್ನ ಎಂದು ಗುರುಗಳು ಕಟ್ಟು ಮಾಡಿದ್ದರು. ಈಗ ಯಾರೋ ಊಟದ ಮನೆಯ ಗೋಡೆಯ ಮೇಲೆ ಇದ್ದಿಲಿನಿಂದ ಪಂಕ್ತಿಯ ಚಿತ್ರ ಬರೆದಿದ್ದರು. ಎಲ್ಲರ ಎಲೆಯಲ್ಲೂ ಒಂದೊಂದು ತುತ್ತು. ಗುರುಗಳ ಎಲೆಯಲ್ಲಿ ಮಾತ್ರ ಅನ್ನದ ರಾಶಿ. ಅದರ ಹಿಂದೆ ಅವರ ಪೇಟದ ತುದಿಯಷ್ಟೇ ಕಾಣುತ್ತಿತ್ತು. ಮುರುಗಯ್ಯನಿಗೆ ಮೈಯೆಲ್ಲ ಉರಿದುಹೋಗಿತ್ತು.

ಗುರುಗಳು ಕತೆ ಹೇಳಿದರು.

ಒಂದು ರಾಜ್ಯದಲ್ಲಿ ಬೊಕ್ಕಸ ಬರಿದಾಯಿತು. ಬೊಕ್ಕಸದ ಮಂತ್ರಿ ಮಹಾ ಬುದ್ಧಿವಂತ. ತೆರಿಗೆ ಏರಿಸಿದರೆ ಜನ ಬೈಯುತ್ತಾರೆ ಎಂದು ಸೇರನ್ನೇ ಚಿಕ್ಕದು ಮಾಡಿಸಿದ. ಸರಕಾರದ ಅಂಗಡಿಯಲ್ಲಿ ಜನರಿಗೆ ಅಕ್ಕಿ ಅಳೆದು ಕೊಡುವುದು ಹೊಸ ಸೇರಿನಲ್ಲಿ, ಕಂದಾಯದ ಅಕ್ಕಿ ಅಳೆದುಕೊಳ್ಳುವುದು ಹಳೆಯ ಸೇರಿನಲ್ಲಿ. "ಸೇರಿನ ಬೆಲೆ ಒಂದು ಕಾಸೂ ಏರಿಲ್ಲ" ಎಂದು ಅರಸನ ಮುಂದೆ ಬೀಗಿದ. ಅರಸ ನಂಬಿದ. ಜನಕ್ಕೆ ಹೊಟ್ಟೆ ತುಂಬುತ್ತಿರಲಿಲ್ಲ. ಏಕೆಂದು ಬಿಡಿಸಿ ಹೇಳಲು ಮಾತ್ರ ಯಾರಿಗೂ ಬರುತ್ತಿರಲಿಲ್ಲ.

ಒಬ್ಬ ಚಿತ್ರಗಾರನಿಗೆ ಬಂತು. ಸಂತೆಯ ಗೋಡೆಯ ಮೇಲೆ ಒಂದು ಬಡಕಲು ಹಸುವನ್ನು ಬರೆದ. ಅದರ ಮುಂದೆ ನಿಂತು ಮಂತ್ರಿ ಚಿಟಿಕೆಯಷ್ಟು ಹುಲ್ಲು ತಿನ್ನಿಸುತ್ತಿದ್ದಾನೆ; ಹಿಂದೆ ಅದೇ ಮಂತ್ರಿ ಹಂಡೆ ಇಟ್ಟುಕೊಂಡು ಹಾಲು ಕರೆಯುತ್ತಿದ್ದಾನೆ. ಸಂತೆಗೆ ಸಂತೆಯೇ ನಕ್ಕಿತು.

ಮಂತ್ರಿ ಅವನನ್ನು ಹಿಡಿದು ತರಿಸಿದ. "ಇದು ಯಾರ ಚಿತ್ರವೋ?" ಎಂದು ಗದರಿಸಿದ.

"ಹಸುವಿನದು, ಒಡೆಯಾ. ಅತ್ತ ಇತ್ತ ನಿಂತವರನ್ನು ತಾವೇ ಗುರುತಿಸಬೇಕು."

ಬಲಗೈ ಹೆಬ್ಬೆರಳು ಕತ್ತರಿಸಿ ಎಂದು ಆಜ್ಞೆಯಾಯಿತು. ಆ ಬೆರಳು ಹೋದರೆ ಚಿತ್ರಗಾರನ ಬದುಕೇ ಹೋದಂತೆ. ಆದರೆ ಆ ರಾಜ್ಯದಲ್ಲಿ ಒಂದು ಕಟ್ಟಳೆ ಇತ್ತು. ಯಾರನ್ನೇ ದಂಡಿಸುವ ಮುಂಚೆ ಅವನ ತಪ್ಪೇನೆಂದು ಊರೂರಲ್ಲೂ ಡಂಗುರ ಹೊಡೆಸಿ, ಕೊನೆಗೆ ಅರಮನೆಯ ಬಾಗಿಲಲ್ಲೂ ಸಾರಬೇಕು. ಸಿಟ್ಟಿನ ಭರದಲ್ಲಿ ಮಂತ್ರಿ ಡಂಗುರದವನಿಗೆ, "ಒಂದಕ್ಷರವೂ ಬಿಡಬೇಡ" ಎಂದ.

ಡಂಗುರದವನು ಬಿಡಲಿಲ್ಲ. ಹಸುವಿನ ಪಕ್ಕೆಲುಬನ್ನೂ ಬಿಡಲಿಲ್ಲ. ಆ ಸಂತೆಯನ್ನು ಕಣ್ಣಿಂದ ಕಾಣದ ಹಳ್ಳಿಗಳಿಗೂ ಚಿತ್ರ ನಡೆದುಕೊಂಡು ಹೋಯಿತು. ಕೇಳಿದವರು ನಕ್ಕರು, ಮನೆಗೆ ಹೋಗಿ ಅಂಗಡಿಯ ಒಂದು ಸೇರು ಅಕ್ಕಿಯನ್ನು ತಮ್ಮ ಹಳೆಯ ಸೇರಿಗೆ ಸುರಿದು ನೋಡಿದರು. ಅರ್ಧಕ್ಕೂ ಬರಲಿಲ್ಲ. ಮರುದಿನದಿಂದ ಊರೂರ ಗೋಡೆಯ ಮೇಲೂ ಹಸು ನಿಂತಿತು. ಎಷ್ಟು ಹೆಬ್ಬೆರಳು ಕತ್ತರಿಸಬೇಕೋ ಮಂತ್ರಿಗೇ ತಿಳಿಯದಾಯಿತು.

ಕೊನೆಗೆ ಅರಮನೆಯ ಬಾಗಿಲಲ್ಲಿ ಡಂಗುರ ಬಡಿಯಿತು. ಅರಸ ಬಿದ್ದು ಬಿದ್ದು ನಕ್ಕ. ಆಮೇಲೆ ಅವನ ನಗು ನಿಂತಿತು. ಎರಡೂ ಸೇರು ತರಿಸಿ, ಸಭೆಯ ಮುಂದೆ ತಾನೇ ಅಳೆದ. ಅಂದೇ ಹೊಸ ಸೇರುಗಳನ್ನೆಲ್ಲ ಸಂತೆಯಲ್ಲಿ ರಾಶಿ ಹಾಕಿ ಜಜ್ಜಿಸಿದ. ಮಂತ್ರಿಗೆ ಅರಮನೆಯ ಹಸುಗಳಿಗೆ ಹುಲ್ಲು ಹಾಕುವ ಕೆಲಸ ಕೊಟ್ಟ. ಜನ ಚಿತ್ರಗಾರನನ್ನು ಹೆಗಲ ಮೇಲೆ ಹೊತ್ತು ಕುಣಿದರು. ಅವನು ಬೀದಿಯುದ್ದಕ್ಕೂ ತನ್ನ ಹೆಬ್ಬೆರಳನ್ನು ಎಲ್ಲರಿಗೂ ತೋರಿಸುತ್ತ ಹೋದ.

"ಹಾಗೇ ಆಗಬೇಕಿತ್ತು ಆ ಮಂತ್ರಿಗೆ!" ಎಂದು ಮುರುಗಯ್ಯ ಕೈಯಲ್ಲಿದ್ದ ಗಡಿಗೆಯನ್ನು ಮರೆತು ಹಿಗ್ಗಿದ.

ಗುರುಗಳು ಎದ್ದು ಊಟದ ಮನೆಯತ್ತ ನಡೆದರು.

"ಸುಣ್ಣ ಅಲ್ಲೇ ಇಡು, ಸೌಟು ತೆಗೆದುಕೊಂಡು ಬಾ, ನನ್ನ ಎಲೆಗೆ ದಿನವೂ ಎಷ್ಟು ಬಡಿಸುತ್ತಿದ್ದೀಯೆಂದು ಇಬ್ಬರೂ ಅಳೆದು ನೋಡೋಣ."