ಪುಕ್ಕಟೆ ಚೀಟಿಯ ಹದಿನಾರು ನಿಯಮಗಳು

"ಬರುವ ಹುಣ್ಣಿಮೆಗೆ ನಾಟಕಶಾಲೆ ಹುಡುಗ ಹುಡುಗಿಯರಿಂದ ತುಂಬಬೇಕು. ಇಲ್ಲದಿದ್ದರೆ ಅಲ್ಲಿ ಆನೆ ಕಟ್ಟಿಸುತ್ತೇನೆ," ಎಂದರು ಅರಸ ಬಿಜ್ಜರಸರು.

ನಾಟಕಶಾಲೆಯ ಮೇಲ್ವಿಚಾರಕ ನಾನು. ನೋಡಲು ಬರುತ್ತಿದ್ದ ಮುದುಕರ ಕೆಮ್ಮಿನ ನಡುವೆ ನಾಟಕದ ಮಾತೇ ಕೇಳಿಸುತ್ತಿರಲಿಲ್ಲ ಎಂಬುದು ನಿಜ. ಆದರೆ ಇಪ್ಪತ್ತು ಪಾತ್ರಧಾರಿಗಳ ಅನ್ನದ ಪ್ರಶ್ನೆ. ಎಳೆಯರಿಗೆಲ್ಲ ಪುಕ್ಕಟೆ ಚೀಟಿ ಹಂಚುತ್ತೇನೆ, ಕೂರಲು ಜಾಗ ಸಾಲುವುದಿಲ್ಲ ನೋಡಿ ಎಂದು ಎದೆಯುಬ್ಬಿಸಿ ಹೇಳಿದೆ.

ಹಂಚಿದೆ. ಪುಕ್ಕಟೆ ಎಂದ ಮಾತ್ರಕ್ಕೆ ಶಿಸ್ತು ಬೇಡವೇ? ಚೀಟಿಯ ಹಿಂದೆ ಹದಿನಾರು ನಿಯಮ ಬರೆದು ಅರಸರ ಮುದ್ರೆ ಒತ್ತಿಸಿದೆ. ಪುಕ್ಕಟೆ ಬಂದವರು ಕಂಬದ ಹಿಂದೆ ಕೂರಬೇಕು. ಚೀಟಿ ಕೊಂಡವರು ನಗುವ ಮುನ್ನ ನಗಬಾರದು. ನಡುವೆ ಏಳಬಾರದು. ಹೀಗೆ.

ಮುಂದಿನ ಆಟಕ್ಕೆ ಬಂದ ಎಳೆಯರು ಮೂವರು. ಅದರಲ್ಲೊಬ್ಬ ದಾರಿ ತಪ್ಪಿದವನು.

ಈ ಕಾಲದ ಮಕ್ಕಳಿಗೆ ಅಭಿರುಚಿಯೇ ಇಲ್ಲವೆಂದು ನಾನೂ ಅರಸರೂ ಒಪ್ಪಿಕೊಂಡೆವು. ಮಾವುತರು ಬಂದು ಬಾಗಿಲಿನ ಅಗಲ ಅಳೆದುಕೊಂಡು ಹೋದರು. ಆಗ ಆಸ್ಥಾನದ ಮಾತುಗಾರ್ತಿ ಹೊನ್ನಾಜಮ್ಮ, ಹುಣ್ಣಿಮೆಗೆ ಮುಂಚೆ ಇನ್ನೊಂದು ಆಟ ಆಡಿಸಿ, ಆ ದಿನ ಬಾಗಿಲು ಕಾಯುವ ಕೆಲಸ ನನಗಿರಲಿ ಎಂದು ಬೇಡಿದಳು.

ಆಟದ ದಿನ ಅರಸರನ್ನೇ ಹೊಸ್ತಿಲಲ್ಲಿ ತಡೆದಳು.

"ಪ್ರಭುಗಳು ಚೀಟಿ ಕೊಂಡಿದ್ದೀರಾ?"

"ನಾನ್ಯಾಕೆ ಕೊಳ್ಳಲಿ?"

"ಹಾಗಾದರೆ ಪುಕ್ಕಟೆ. ಕಂಬದ ಹಿಂದೆ ದಯಮಾಡಿಸಿ. ಮುದ್ರೆ ತಮ್ಮದೇ." ನನ್ನತ್ತಲೂ ನೋಡಿದಳು. "ಮೇಲ್ವಿಚಾರಕರೂ."

ರಾಜಮುದ್ರೆಗೆ ರಾಜರೂ ಎದುರಾಡುವಂತಿಲ್ಲ. ಕೂತೆವು. ಕಂಡದ್ದು ನಾಯಕಿಯ ಒಂದು ಮೊಣಕೈ. ಯಾವುದೋ ಮಾತಿಗೆ ಅರಸರಿಗೆ ನಗು ಬಂತು. ಅಭ್ಯಾಸಬಲ, "ಪ್ರಭು, ಒಂಬತ್ತನೆಯ ನಿಯಮ," ಎಂದುಬಿಟ್ಟೆ. ಎದ್ದುಹೋಗಲು ನೋಡಿದರು. ಹನ್ನೆರಡನೆಯದನ್ನೂ ನೆನಪಿಸಿದೆ.

ಆಟ ಮುಗಿದಾಗ ಅರಸರು ಸೊಂಟ ಹಿಡಿದುಕೊಂಡು ಹೊರಬಂದರು. "ಇಷ್ಟು ಪಾಡುಪಟ್ಟು ಪುಕ್ಕಟೆ ನಾಟಕ ಯಾರಿಗೆ ಬೇಕು?"

"ಊರಿನ ಮಕ್ಕಳು ಹೇಳಿದ್ದೂ ಅದನ್ನೇ, ಪ್ರಭು," ಎಂದಳು ಹೊನ್ನಾಜಮ್ಮ.

ಅರಸರು ನನ್ನ ಮುಖ ನೋಡಿ ನಗತೊಡಗಿದರು. ಇನ್ನು ಎಳೆಯರಿಗೆ ಮುಂದಿನ ಚಾಪೆ, ಯಾವ ಷರತ್ತೂ ಇಲ್ಲ ಎಂದು ಅಲ್ಲೇ ಅಪ್ಪಣೆಯಾಯಿತು. ಆಮೇಲೆ ಕೇಳಿದರು: "ಈ ಹದಿನಾರು ನಿಯಮಗಳನ್ನು ಸುಟ್ಟುಹಾಕೋಣವೇ?"

"ಬೇಡ, ಪ್ರಭು," ಎಂದಳು ಹೊನ್ನಾಜಮ್ಮ. "ಆಟಕ್ಕೆ ಮೊದಲು ಇವರ ಕೈಲೇ ಓದಿಸಿ. ಇಷ್ಟು ನಗಿಸುವ ಪ್ರಹಸನ ನಮ್ಮ ಮಂಡಳಿಯವರ ಹತ್ತಿರ ಇಲ್ಲ."

ಹುಣ್ಣಿಮೆಯಂದು ನಾಟಕಶಾಲೆ ಕಿಕ್ಕಿರಿಯಿತು. ನಾನು ಗಂಭೀರವಾಗಿಯೇ ಓದಿದೆ. ಐದನೆಯ ನಿಯಮಕ್ಕೆ ಶಿಳ್ಳೆ ಬಿತ್ತು. ಹದಿನಾರನೆಯದು ಮುಗಿಯುತ್ತಲೇ ಮುಂದಿನ ಚಾಪೆಯಿಂದ "ಮತ್ತೊಮ್ಮೆ" ಎಂಬ ಕೂಗು ಬಂತು.

ಮೊದಲಿನಿಂದ ಓದಿದೆ.